ಫ್ಲೈಓವರ್ ಕೆಳಗಿನ ನೆಲವನ್ನೂ ನಕ್ಷೆಗೆ ಸೇರಿಸಿ: ಎಂಜಿನಿಯರರಿಗೊಂದು ಬಹಿರಂಗ ಪತ್ರ

ಬೆಂಗಳೂರಿನ ಐದೂ ನಗರ ಪಾಲಿಕೆಗಳಲ್ಲಿ, ಅಭಿವೃದ್ಧಿ ಪ್ರಾಧಿಕಾರದಲ್ಲಿ, ಹೆದ್ದಾರಿ ಮತ್ತು ಮೆಟ್ರೊ ಕಾಮಗಾರಿಗಳಲ್ಲಿ ರಸ್ತೆ, ಸೇತುವೆಗಳ ಹೊಣೆ ಹೊತ್ತಿರುವ ಎಲ್ಲ ಎಂಜಿನಿಯರರಿಗೆ,

ಮಾನ್ಯರೇ,



ಫ್ಲೈಓವರ್ ಮೇಲೆ ಓಡಾಡುವವರ ದೂರು ನಿಮ್ಮ ಕಿವಿಗೆ ದಿನವೂ ಬೀಳುತ್ತದೆ. ಗುಂಡಿ ಬಿದ್ದಿದೆ, ಜಾಯಿಂಟ್ ಎದ್ದಿದೆ, ದೀಪ ಕೆಟ್ಟಿದೆ ಎಂದು ಅವರು ಹೇಳುತ್ತಾರೆ, ನೀವು ಒಂದಲ್ಲ ಒಂದು ದಿನ ಬಂದು ಸರಿಪಡಿಸುತ್ತೀರಿ. ಕೆಳಗೆ ನಡೆದು ಹೋಗುವವರು ನಿಮಗೆ ಬರೆಯುವುದು ಅಪರೂಪ. ಬರೆಯೋಣವೆಂದರೂ ಆ ನೆಲ ಯಾವ ಇಲಾಖೆಗೆ ಸೇರಿದ್ದು ಎಂಬುದು ಅವರಿಗೆ ಗೊತ್ತಾಗುವುದಿಲ್ಲ. ನನ್ನ ಮನೆ ಇರುವುದು ಚಾಮರಾಜಪೇಟೆಯಲ್ಲಿ. ಸಿರ್ಸಿ ಸರ್ಕಲ್‌ನಿಂದ ಕೆ.ಆರ್. ಮಾರ್ಕೆಟ್‌ಗೆ ನಡೆದೇ ಹೋಗಿಬರುವ ರೂಢಿ ನನ್ನದು. ಕೆಳಗೆ ನಡೆಯುವವರಲ್ಲಿ ಒಬ್ಬನಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಬೇಡಿಕೆ ಒಂದೇ. ಫ್ಲೈಓವರ್ ಕೆಳಗಿನದನ್ನು ಮಿಕ್ಕ ಜಾಗ ಎಂದು ಕಾಣಬೇಡಿ. ಅದು ನಮ್ಮ ಬೀದಿಯಾಗಿತ್ತು. ಕಾಮಗಾರಿ ಶುರುವಾದಾಗ ತಗಡಿನ ಶೀಟು ಅಡ್ಡ ನಿಲ್ಲಿಸಿ ಅದನ್ನು ನಮ್ಮಿಂದ ಪಡೆದಿರಿ. ಊರಿಗೆ ಒಳ್ಳೆಯದಾಗಲಿ ಎಂದು ನಾವೂ ಧೂಳು ಕುಡಿದು ಸುಮ್ಮನಿದ್ದೆವು. ಕೆಲಸ ಮುಗಿದ ದಿನ ಮೇಲಿನ ದಾರಿ ವಾಹನಗಳಿಗೆ ಸಿಕ್ಕಿತು. ಕೆಳಗಿನದು ನಮಗೆ ವಾಪಸ್ ಬರಲಿಲ್ಲ. ದಯವಿಟ್ಟು ಅದನ್ನು ಹಿಂದಿರುಗಿಸಿ.

ಮೈಸೂರು ರಸ್ತೆಯಲ್ಲಿ ಮಾರ್ಕೆಟ್‌ನಿಂದ ಸಿರ್ಸಿ ಸರ್ಕಲ್‌ವರೆಗಿನ ಬಾಲಗಂಗಾಧರನಾಥ ಸ್ವಾಮೀಜಿ ಮೇಲ್ಸೇತುವೆ ಸುಮಾರು 2.65 ಕಿಲೋಮೀಟರ್ ಉದ್ದವಿದೆ. ಅದರ ಕೆಳಗೆ ಒಮ್ಮೆ ನಡೆದು ನೋಡಿ. ಜೀಪಿನಿಂದ ಇಳಿದು ನಡೆಯಬೇಕು, ಬೆಳಿಗ್ಗೆ ಒಂದು ಸಲ, ಕತ್ತಲಾದ ಮೇಲೆ ಇನ್ನೊಂದು ಸಲ. ಯಾವುದೋ ಮನೆ ಒಡೆದ ಇಟ್ಟಿಗೆ ಚೂರಿನ ಮೂಟೆಗಳು, ಮುರಿದ ಕರ್ಬ್ ಕಲ್ಲು, ಕೇಬಲ್ ಹಾಕಿ ಉಳಿದ ಪೈಪಿನ ಸುರುಳಿ, ಮೂತ್ರದ ನಾತ, ಗರ್ಡರ್ ಸಂದಿಯಿಂದ ಉದುರುವ ಪಾರಿವಾಳದ ಹಿಕ್ಕೆ. ನಗರದ ಬೇರೆ ಬೇರೆ ಫ್ಲೈಓವರ್‌ಗಳ ಕೆಳಗೂ ಇದೇ ಕಥೆ. ಕೆಲವೆಡೆ ಜಪ್ತಿ ಮಾಡಿ ತಂದ ಸ್ಕೂಟರು, ಆಟೊಗಳು ವರ್ಷಗಟ್ಟಲೆ ತುಕ್ಕು ಹಿಡಿಯುತ್ತ ನಿಂತಿರುತ್ತವೆ. ಕೆಲವೆಡೆ ಸುತ್ತ ಕಬ್ಬಿಣದ ಬೇಲಿ ಹಾಕಿ ಬೀಗ ಜಡಿದಿರುತ್ತಾರೆ, ಬೇಲಿಯೊಳಗೆ ಕಸ ಬೆಳೆಯುತ್ತಿರುತ್ತದೆ.

ಇಷ್ಟಾದರೂ ಜನ ಆ ನೆಲವನ್ನು ಬಿಟ್ಟಿಲ್ಲ ಎಂಬುದು ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿರುವ ಸಂಗತಿ. ಮಾರ್ಕೆಟ್‌ ಬದಿಯಲ್ಲಿ ಬೆಳಗಿನ ಜಾವ ಸೇವಂತಿಗೆ, ಚೆಂಡುಹೂವಿನ ಮೂಟೆ ಇಳಿಯುತ್ತದೆ. ಮಳೆ ಬಂದರೆ ಹೂ ಮಾರುವ ಹೆಂಗಸರು ಗೋಣಿಚೀಲ ಎಳೆದುಕೊಂಡು ಫ್ಲೈಓವರ್ ಕೆಳಗೇ ಸರಿಯುತ್ತಾರೆ. ಹಮಾಲಿಗಳು ತಳ್ಳುಗಾಡಿಯ ಮೇಲೆ ಒರಗಿ ಅರ್ಧ ಗಂಟೆ ಕಣ್ಣು ಮುಚ್ಚುವುದು ಅಲ್ಲೇ. ಬಸ್ಸಿಗೆ ಕಾಯುವವರು ಬಿಸಿಲಿಗೆ ಹುಡುಕುವುದೂ ಅದೇ ನೆರಳನ್ನು. ವಿಕ್ಟೋರಿಯಾ, ವಾಣಿವಿಲಾಸ ಆಸ್ಪತ್ರೆಗಳು ಕೂಗಳತೆಯಲ್ಲಿವೆ. ರಾಮನಗರ, ಕೋಲಾರ, ಮಾಗಡಿ ಕಡೆಯಿಂದ ಹೆರಿಗೆಗೆ ಮಗಳನ್ನು ಕರೆತಂದ ತಾಯಂದಿರು ವಾರ್ಡಿನಿಂದ ಹೊರಗೆ ಕಳಿಸಿದ ಹೊತ್ತಿನಲ್ಲಿ ಎಲ್ಲಿ ಕೂರಬೇಕು? ಟವೆಲ್ ಹಾಸಿ, ಟಿಫನ್ ಡಬ್ಬಿ ಪಕ್ಕಕ್ಕಿಟ್ಟುಕೊಂಡು ಕಂಬಕ್ಕೆ ಒರಗಿ ಕೂತವರನ್ನು ನಾನು ಕಂಡಿದ್ದೇನೆ. ಒಮ್ಮೆ ಅಂಥ ಒಬ್ಬ ಹಿರಿಯ ಹೆಂಗಸು, "ಅಣ್ಣಾ, ಹೆಂಗಸ್ರಿಗೆ ಹೋಗಕ್ಕೆ ಇಲ್ಲೆಲ್ಲಾದ್ರೂ ಜಾಗ ಐತಾ?" ಎಂದು ಕೇಳಿದರು. ರಸ್ತೆ ದಾಟಿ, ಬಸ್‌ಗಳ ನಡುವೆ ನುಗ್ಗಿ, ಬಹಳ ದೂರ ಹೋಗಬೇಕು ಎನ್ನುವುದನ್ನು ಬಿಟ್ಟರೆ ನನ್ನ ಬಳಿ ಬೇರೆ ಉತ್ತರ ಇರಲಿಲ್ಲ. ತಲೆಯ ಮೇಲೆ ಅಷ್ಟು ದೊಡ್ಡ ಕಾಂಕ್ರೀಟು ಸೂರು ಕಟ್ಟಿದವರು ಆ ಸೂರಿನ ಕೆಳಗೆ ಒಂದು ಶೌಚಾಲಯ, ಒಂದು ನಲ್ಲಿ, ಒಂದು ಕಲ್ಲುಬೆಂಚು ಇಡಬಹುದಿತ್ತಲ್ಲ?

ಹಳೆಯ ಮನೆಗಳಿಗೆ ಜಗಲಿ ಇದ್ದ ಹಾಗೆ ಈ ನೆಲ ಊರಿಗೆ ಇರಬೇಕಿತ್ತು. ದಾರಿಹೋಕರು ಅಪ್ಪಣೆ ಕೇಳದೆ ಕೂತು, ನೀರು ಕುಡಿದು, ಎದ್ದು ಹೋಗುವಂಥದ್ದು.

ಈಗ ನಡೆಯುತ್ತಿರುವ ಪ್ರಯತ್ನಗಳ ಬಗ್ಗೆ ಒಂದು ಮಾತು. 'ದಿ ಅಗ್ಲಿ ಇಂಡಿಯನ್' ಬಳಗದ ಸ್ವಯಂಸೇವಕರು ಹೆಸರು ಹೇಳಿಕೊಳ್ಳದೆ ಈ ಊರಿನ ಎಷ್ಟೋ ಫ್ಲೈಓವರ್ ಕಂಬಗಳನ್ನು ತೊಳೆದು ಬಣ್ಣ ಬಳಿದಿದ್ದಾರೆ. ಭಾನುವಾರ ಬೆಳಿಗ್ಗೆ ಎದ್ದು ಬಂದು, ಇತರರು ಉಗಿದ ಗೋಡೆಯನ್ನು ಕೈಯಾರೆ ಉಜ್ಜುವವರ ಬಗ್ಗೆ ನನಗಿರುವುದು ಗೌರವವೇ. ಬಣ್ಣ ಬಳಿದ ಕಡೆ ಉಗುಳುವುದು ಕಡಿಮೆಯಾದದ್ದನ್ನೂ ನೋಡಿದ್ದೇನೆ. ಆದರೆ ಬಣ್ಣ ಸ್ವಯಂಸೇವಕರಿಂದ ಆಗುವ ಕೆಲಸ. ನೀರು, ಒಳಚರಂಡಿ, ದೀಪ, ದಾಟುದಾರಿ ನಿಮ್ಮಿಂದಲೇ ಆಗಬೇಕು. ಕಂಬಕ್ಕೆ ಕುಂಡ ಕಟ್ಟಿ ನಿಲ್ಲಿಸಿದ ವರ್ಟಿಕಲ್ ಗಾರ್ಡನ್‌ಗಳೂ ಬಂದವು. ಉದ್ಘಾಟನೆಯ ದಿನ ಹಸಿರಾಗಿದ್ದ ಗಿಡಗಳು ಹನಿನೀರಿನ ಪೈಪು ಕಟ್ಟಿಕೊಂಡ ಮೇಲೆ ಒಣಗಿ, ಕೊನೆಗೆ ಖಾಲಿ ಚೌಕಟ್ಟುಗಳಷ್ಟೇ ಉಳಿದದ್ದನ್ನು ನೀವೂ ನೋಡಿರುತ್ತೀರಿ. ಮಳೆ ಬೀಳದ, ಬಿಸಿಲು ತಾಗದ ಕಡೆ ತೋಟ ಮಾಡುವುದು ಕಷ್ಟ. ಅಲ್ಲಿ ಸಿಗುವುದು ನೆರಳು. ಅದನ್ನು ಬಳಸುವ ಕೆಲಸಗಳನ್ನೇ ಅಲ್ಲಿಗೆ ಆರಿಸಬೇಕು.

ಮುಂಬೈಯ ಮಾಟುಂಗಾ ನಮಗೆ ಹೊಸ ಊರಲ್ಲ. ಮೈಸೂರು ಅಸೋಸಿಯೇಷನ್ ಇರುವುದು ಅಲ್ಲಿ, ಕನ್ನಡದ ಹೋಟೆಲುಗಳು ಹೆಸರು ಮಾಡಿದ್ದು ಅಲ್ಲಿ. ಬಂಧುಗಳ ಮನೆಗೆ ಹೋಗಿದ್ದಾಗ ಅಲ್ಲಿನ ಅಂಬೇಡ್ಕರ್ ರಸ್ತೆಯ ಫ್ಲೈಓವರ್ ಕೆಳಗೆ ನಾನು ಬೆಳಗಿನ ವಾಕಿಂಗ್ ಮಾಡಿದ್ದೇನೆ. ಫ್ಲೈಓವರ್ ತೆರೆದ ಮೇಲೆ ಕೆಳಗೆ ಅಡ್ಡಾದಿಡ್ಡಿ ಗಾಡಿಗಳು, ಕಸ ತುಂಬದಂತೆ ಸುತ್ತಲಿನ ನಿವಾಸಿಗಳು ತಾವೇ ಕಾವಲಿಟ್ಟರು, ವರ್ಷಗಟ್ಟಲೆ ಪಾಲಿಕೆಯ ಬೆನ್ನು ಹತ್ತಿದರು. 2016ರಲ್ಲಿ ಅದು ಉದ್ಯಾನವಾಯಿತು. ಸುಮಾರು 600 ಮೀಟರ್ ಉದ್ದದ ನೀಲಿ ಕಾಲುದಾರಿ, ನರ್ಮದಾ ನದಿಯ ಹರಿವಿನಂತೆ ಬಳುಕುತ್ತ ಹೋಗುತ್ತದೆ. ನಾನು ಹೋದ ದಿನ ಅಜ್ಜ ಅಜ್ಜಿಯರು ನಡೆಯುತ್ತಿದ್ದರು, ಒಬ್ಬ ಹುಡುಗ ಬೆಂಚಿನ ಮೇಲೆ ಕೂತು ಗಣಿತ ಬಿಡಿಸುತ್ತಿದ್ದ. ಎರಡೂ ಬದಿ ವಾಹನಗಳ ಗದ್ದಲ ಇದ್ದೇ ಇತ್ತು. ಆದರೂ ಜನ ಬರುತ್ತಿದ್ದರು, ಏಕೆಂದರೆ ಮನೆಗೆ ಹತ್ತಿರ ಅವರಿಗೆ ಇದ್ದದ್ದು ಅದೇ. ನವಿ ಮುಂಬೈಯ ಸಾನ್‌ಪಾಡಾದಲ್ಲಿ ಫ್ಲೈಓವರ್ ಕೆಳಗೆ ಬಲೆ ಕಟ್ಟಿ ಬ್ಯಾಸ್ಕೆಟ್‌ಬಾಲ್, ಬ್ಯಾಡ್ಮಿಂಟನ್ ಅಂಕಣ ಮಾಡಿದ್ದಾರೆ. ಲಾರಿಗಳು ಹಾಯಲೆಂದು ನೀವು ಬಿಡುವ ಎತ್ತರ ಐದೂವರೆ ಮೀಟರ್. ಬ್ಯಾಸ್ಕೆಟ್‌ಬಾಲ್ ಬುಟ್ಟಿ ಇರುವುದು 3.05 ಮೀಟರ್ ಎತ್ತರದಲ್ಲಿ. ಗಲ್ಲಿಯ ಹುಡುಗರು ಮಳೆಗಾಲದಲ್ಲೂ ಆಡಲು ಇಷ್ಟು ಸಾಲದೇ?

ದೂರದ ಇನ್ನೊಂದು ಉದಾಹರಣೆ. ನೆದರ್‌ಲ್ಯಾಂಡ್ಸ್‌ನ ಕೂಗ್ ಆನ್ ಡ ಝಾನ್ ಎಂಬ ಚಿಕ್ಕ ಊರನ್ನು 1970ರ ದಶಕದ ಆರಂಭದಲ್ಲಿ ಎ8 ಹೆದ್ದಾರಿ ಇಬ್ಭಾಗ ಮಾಡಿತು. ಏಳು ಮೀಟರ್ ಎತ್ತರದ ಕಂಬಗಳ ಮೇಲೆ ರಸ್ತೆ, ಚರ್ಚು ಒಂದು ಬದಿಗೆ, ಹಳೆಯ ಪುರಭವನ ಇನ್ನೊಂದು ಬದಿಗೆ. ಮೂರು ದಶಕಗಳ ನಂತರ ಊರಿನವರನ್ನು ಕೂರಿಸಿಕೊಂಡು, ಈ ಕೆಳಗೆ ಏನು ಬೇಕು ಎಂದು ಕೇಳಿದರು. ಅವರು ಕೇಳಿದ್ದು ದಿನಸಿ ಅಂಗಡಿ, ಹೂವು, ಮೀನಿನ ಅಂಗಡಿ, ಮಕ್ಕಳಿಗೆ ಸ್ಕೇಟಿಂಗ್ ಜಾಗ. ಕೇಳಿದ್ದನ್ನೇ ಕಟ್ಟಿದರು. 2006ರಲ್ಲಿ ಅದಕ್ಕೆ ಯುರೋಪಿನ ಸಾರ್ವಜನಿಕ ಸ್ಥಳಗಳ ಪ್ರಶಸ್ತಿ ಹಂಚಿಕೆಯಲ್ಲಿ ಬಂತು. ಪ್ರಶಸ್ತಿಗಿಂತ ನನಗೆ ಹಿಡಿಸಿದ್ದು ಆ ಕೇಳುವ ಕ್ರಮ. ಅಲ್ಲಿ ಮೊದಲು ಪ್ರಶ್ನೆ, ನಂತರ ನಕ್ಷೆ.

ನಮ್ಮ ಊರಿನಲ್ಲೇ ಒಂದು ಸಾಕ್ಷಿ ಇದೆ. ಮೆಟ್ರೊಗಾಗಿ ಎಂ.ಜಿ. ರಸ್ತೆಯ ಮರಗಳ ಸಾಲಿನ ಕಾಲುದಾರಿ ಕಳೆದುಹೋದಾಗ ಈ ಊರು ಸಂಕಟಪಟ್ಟಿತು. 2013ರಲ್ಲಿ ಆ ಮಾರ್ಗದ ಬುಡದಲ್ಲಿ ರಂಗೋಲಿ ಮೆಟ್ರೊ ಕಲಾ ಕೇಂದ್ರ ತೆರೆಯಿತು. ಚಿತ್ರ ಪ್ರದರ್ಶನಕ್ಕೆ ಜಾಗ, ರಂಗಸ್ಥಳ ಎಂಬ ಸಭಾಂಗಣ, ನಡೆಯಲು ದಾರಿ ಬಂದವು. ಹೋದ ಮರಗಳು ಬರಲಿಲ್ಲ, ನಿಜ. ಆದರೂ ಅಲ್ಲಿ ಒಂದು ಸಂಜೆ ಕಳೆದವರಿಗೆ ಕಂಬಗಳ ಕೆಳಗಿನ ಜಾಗಕ್ಕೂ ಜನ ಪ್ರೀತಿಯಿಂದ ಬರುತ್ತಾರೆ ಎಂಬುದು ಗೊತ್ತಿದೆ. ಎಂ.ಜಿ. ರಸ್ತೆಗೆ ಸಾಧ್ಯವಾದದ್ದು ಮೈಸೂರು ರಸ್ತೆಗೆ ಯಾಕೆ ಸಾಧ್ಯವಾಗಬಾರದು?

ನಿಮ್ಮ ಕಡೆಯ ಆತಂಕಗಳನ್ನೂ ಬಲ್ಲೆ. ಸೇತುವೆ ಪರಿಶೀಲನೆಗೆ ಜಾಗ ಬೇಕು, ಬೇರಿಂಗ್ ಬದಲಿಸಲು ಜಾಕ್ ಇಡಬೇಕು, ಕೆಳಗೆ ಏನಾದರೂ ಕಟ್ಟಿದರೆ ನಾಳೆ ತೆರವು ಮಾಡುವುದು ಯಾರು? ಇದು ನ್ಯಾಯವಾದ ಪ್ರಶ್ನೆ. 2021ರ ಡಿಸೆಂಬರಿನಲ್ಲಿ ಪೀಣ್ಯ ಮೇಲ್ಸೇತುವೆಯ ಕೇಬಲ್‌ಗಳಿಗೆ ತುಕ್ಕು ಹಿಡಿದದ್ದು ಗೊತ್ತಾಗಿ ವಾಹನ ಸಂಚಾರವನ್ನೇ ನಿಲ್ಲಿಸಬೇಕಾಯಿತು. ಕಂಬ, ತೊಲೆಗಳ ಹತ್ತಿರ ನಿಮ್ಮ ಏಣಿ, ಕ್ರೇನು ಯಾವ ಹೊತ್ತಿಗೂ ಹೋಗುವಂತಿರಬೇಕು ಎಂಬುದನ್ನು ನಾವು ಒಪ್ಪುತ್ತೇವೆ. ಅದಕ್ಕೆ ಕಂಬದ ಸುತ್ತ ಇಷ್ಟು ಮೀಟರ್ ಖಾಲಿ ಬಿಡಬೇಕು ಎಂದು ನೀವೇ ಗೆರೆ ಎಳೆಯಿರಿ. ಉಳಿದ ಕಡೆ ಬಿಚ್ಚಿ ಒಯ್ಯಬಹುದಾದ ಬೆಂಚು, ಬೋಲ್ಟ್ ಹಾಕಿದ ಗೂಡಂಗಡಿ, ಕಳಚಿಡಬಹುದಾದ ಬಲೆ ಇರಲಿ. ಶಾಶ್ವತ ಗೋಡೆ ಬೇಡ.

ಸುರಕ್ಷತೆಯ ಮಾತು ಬಂದಾಗ ಇನ್ನೊಂದನ್ನೂ ಗಮನಿಸಬೇಕೆಂದು ಕೋರುತ್ತೇನೆ. 2017ರ ಮಾರ್ಚ್ 30ರಂದು ಅಮೆರಿಕದ ಅಟ್ಲಾಂಟಾದಲ್ಲಿ ಐ-85 ಹೆದ್ದಾರಿಯ ಒಂದು ಭಾಗ ಬೆಂಕಿಗೆ ಕುಸಿದುಬಿತ್ತು. ಉರಿದದ್ದು ಸೇತುವೆಯ ಕೆಳಗೆ ಪೇರಿಸಿಟ್ಟಿದ್ದ ಪ್ಲಾಸ್ಟಿಕ್ ಪೈಪುಗಳು. ಹೆದ್ದಾರಿ ಆರು ವಾರ ಮುಚ್ಚಿತ್ತು. 2023ರ ನವೆಂಬರಿನಲ್ಲಿ ಲಾಸ್ ಏಂಜಲೀಸ್‌ನ ಐ-10 ಹೆದ್ದಾರಿ ಕೆಳಗೆ ಪೇರಿಸಿದ್ದ ಸರಕಿಗೆ ಬೆಂಕಿ ಬಿದ್ದು ವಾರಕ್ಕೂ ಹೆಚ್ಚು ಕಾಲ ಸಂಚಾರ ನಿಂತಿತು. ನಮ್ಮ ಫ್ಲೈಓವರ್‌ಗಳ ಕೆಳಗೆ ಪೆಟ್ರೋಲ್ ಟ್ಯಾಂಕ್ ಸಮೇತ ನಿಂತ ಗುಜರಿ ಗಾಡಿಗಳನ್ನು, ಕೇಬಲ್ ಪೈಪಿನ ಸುರುಳಿಗಳನ್ನು ಈ ಕಣ್ಣಿನಿಂದ ನೋಡಿ. ಸೇತುವೆಗೆ ಅಪಾಯ ಇರುವುದು ಯಾರೂ ನೋಡಿಕೊಳ್ಳದೆ ಬಿಟ್ಟ ಈ ರಾಶಿಯಿಂದ. ಜನ ಓಡಾಡುವ ಜಾಗದಲ್ಲಿ ಕಂಬ ಬಿರುಕು ಬಿಟ್ಟರೆ, ಹೊಗೆ ಕಂಡರೆ ನಿಮಗೆ ಬೇಗ ಸುದ್ದಿ ಮುಟ್ಟುತ್ತದೆ. ಒಲೆ ಹಚ್ಚುವ ಟೀ ಅಂಗಡಿ, ಬಜ್ಜಿ ಗಾಡಿಗಳಿಗೆ ಮಾತ್ರ ಗರ್ಡರ್ ಕೆಳಗೆ ಬೇಡ, ಅಂಚಿನ ತೆರೆದ ಭಾಗದಲ್ಲಿ ಜಾಗ ಗುರುತಿಸಿ. ಬೆಂಕಿಯ ಬಗ್ಗೆ ಆ ಎಚ್ಚರಿಕೆ ಸರಿಯಾದದ್ದೇ.

ಎಲ್ಲ ಫ್ಲೈಓವರ್ ಕೆಳಗೂ ಪಾರ್ಕು ಮಾಡಿ ಎಂದು ನಾನು ಕೇಳುತ್ತಿಲ್ಲ. ಹೆಬ್ಬಾಳ ಫ್ಲೈಓವರ್‌ನ ಲೂಪ್‌ಗಳ ನಡುವೆ ಮಗುವನ್ನು ಆಡಲು ಬಿಡಲು ಯಾವ ತಾಯಿಗೂ ಧೈರ್ಯ ಬಾರದು, ಬರಬಾರದು ಕೂಡ. ಸಿಗ್ನಲ್‌ನಲ್ಲಿ ಗಾಡಿಗಳು ನಿಂತು ಹೊಗೆ ಉಗುಳುವ ಕಡೆ ಮಕ್ಕಳ ಆಟ ಬೇಡ. ಅಲ್ಲಿ ರಸ್ತೆ ದಾಟುವವರು ನಿಲ್ಲಲು ಅಗಲವಾದ ಕಟ್ಟೆ ಸಾಕು. ವಾಹನ ಕಡಿಮೆಯಿರುವ ನಡುಭಾಗದಲ್ಲಿ ಆಟ, ಓದು, ಸಂತೆ. ಇಳಿಜಾರಿನ ತಗ್ಗು ಭಾಗದಲ್ಲಿ ಪೌರಕಾರ್ಮಿಕರಿಗೆ ಬಟ್ಟೆ ಬದಲಿಸುವ, ತಿಂಡಿ ತಿನ್ನುವ ಕೋಣೆ. ಬೆಳಗಿನ ಐದೂವರೆ, ಆರಕ್ಕೆ ಪೊರಕೆ ಹಿಡಿಯುವ ಹೆಣ್ಣುಮಕ್ಕಳು ಫುಟ್‌ಪಾತಿನ ಅಂಚಿನಲ್ಲಿ ಕುಳಿತು ಡಬ್ಬಿ ಬಿಚ್ಚುವುದನ್ನು ನೋಡಿದಾಗಲೆಲ್ಲ ನನಗೆ ಆ ಖಾಲಿ ಇಳಿಜಾರುಗಳೇ ನೆನಪಾಗುತ್ತವೆ.

ಯಾವುದೇ ಬೆಂಚು, ಅಂಗಡಿಗಿಂತ ಮೊದಲು ಬೇಕಾದದ್ದು ದಾಟುದಾರಿ. ಇದನ್ನು ಒತ್ತಿ ಹೇಳುತ್ತೇನೆ. ಎರಡು ಬದಿ ಬಸ್ಸು, ಟೆಂಪೋ ಹರಿಯುವಾಗ ನಡುವಿನ ಜಾಗಕ್ಕೆ ಮುದುಕರು ತಲುಪುವುದು ಹೇಗೆ? ಫುಟ್‌ಪಾತಿನ ಮಟ್ಟಕ್ಕೇ ರಸ್ತೆಯನ್ನು ಎತ್ತರಿಸಿ ಕಟ್ಟಿದ ದಾಟುದಾರಿ ಇದ್ದರೆ ಗಾಡಿಗಳು ತಾವಾಗಿ ನಿಧಾನವಾಗುತ್ತವೆ, ಗಾಲಿಕುರ್ಚಿಯೂ ಹೋಗುತ್ತದೆ. ಅದಿಲ್ಲದೆ ಕೋಟಿ ಸುರಿದು ಅಲಂಕರಿಸಿದರೂ ಅಲ್ಲಿಗೆ ಯಾರೂ ಬರುವುದಿಲ್ಲ. ಯಾರೂ ಬಾರದ ಜಾಗ ಮತ್ತೆ ಕಸಕ್ಕೇ ಸಿಗುತ್ತದೆ. ಜೊತೆಗೆ ಬೆಳಕು. ಸಂಜೆ ಆರರ ನಂತರ ಹೆಣ್ಣುಮಕ್ಕಳು ಆ ದಾರಿ ತಪ್ಪಿಸಿ ಸುತ್ತಿ ಬಳಸಿ ಹೋಗುತ್ತಾರೆ. ನನ್ನ ಮಗಳೂ ಹಾಗೇ ಮಾಡುತ್ತಾಳೆ.

ಮಳೆನೀರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. 1 ಕಿಲೋಮೀಟರ್ ಉದ್ದ, 15 ಮೀಟರ್ ಅಗಲದ ಫ್ಲೈಓವರ್ ಎಂದರೆ 15,000 ಚದರ ಮೀಟರ್ ಚಾವಣಿ. ಈ ಊರಿಗೆ ವರ್ಷಕ್ಕೆ 970 ಮಿಲಿಮೀಟರ್ ಆಸುಪಾಸು ಮಳೆ. ಸೋರಿಕೆ, ಆವಿ ಕಳೆದರೂ ಆ ಒಂದು ಕಿಲೋಮೀಟರಿನಿಂದ 1 ಕೋಟಿ ಲೀಟರಿಗೂ ಹೆಚ್ಚು ನೀರು ಇಳಿಯುತ್ತದೆ. ಈಗ ಅದು ಮುರಿದ ಕೊಳವೆಯಿಂದ ನಡೆಯುವವರ ತಲೆಯ ಮೇಲೆ ಸುರಿದು, ಕೆಳಗಿನ ರಸ್ತೆಯಲ್ಲಿ ಕೆರೆಯಾಗುತ್ತದೆ. ಎಣ್ಣೆ, ಟೈರಿನ ಪುಡಿ ಸೇರಿದ ಮೊದಲ ಮಳೆಯ ನೀರನ್ನು ಹೊರಬಿಟ್ಟು, ಉಳಿದದ್ದನ್ನು ತಿಳಿಗೊಳಿಸಿ ತೊಟ್ಟಿಗೆ ಹಿಡಿದರೆ ಶೌಚಾಲಯ ತೊಳೆಯಲು, ಅಂಚಿನ ಗಿಡಗಳಿಗೆ ಟ್ಯಾಂಕರ್ ಕಾಯಬೇಕಿಲ್ಲ.

ಇನ್ನು, ಅಲ್ಲಿ ಈಗಾಗಲೇ ಬದುಕು ಕಟ್ಟಿಕೊಂಡವರ ವಿಷಯ. ಜಾಗ ಚೆಂದವಾದ ಕೂಡಲೇ ಬಡವರನ್ನು ಎಬ್ಬಿಸುವುದು ನಮ್ಮ ನಗರಗಳಿಗೆ ಅಂಟಿದ ರೋಗ. ಬೀದಿಬದಿ ವ್ಯಾಪಾರಿಗಳ ಜೀವನೋಪಾಯ ಕಾಯ್ದೆ 2014ರಿಂದಲೂ ಇದೆ. ಅದರ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ರಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ನಕ್ಷೆ ಬರೆಯುವ ಮೊದಲು ಆ ಸಮಿತಿಯ ಮುಂದೆ ಕೂರಿ. ಹೂವಿನವರು, ಹಮಾಲಿಗಳು, ಆಟೊದವರು ನಿಮಗೆ ಯಾವ ಸಮೀಕ್ಷೆಯೂ ಹೇಳದ್ದನ್ನು ಹೇಳುತ್ತಾರೆ: ಯಾವ ಕಂಬದ ಬಳಿ ನೀರು ನಿಲ್ಲುತ್ತದೆ, ಯಾವ ಹೊತ್ತಿಗೆ ಲೋಡು ಇಳಿಯುತ್ತದೆ, ರಾತ್ರಿ ಎಲ್ಲಿ ಭಯ. ರಾತ್ರಿ ಮಲಗುವ ನಿರ್ಗತಿಕರನ್ನು ಚೂಪುಗಲ್ಲು ನೆಟ್ಟು ಓಡಿಸಬೇಡಿ. ಅವರಿಗೆ ನಿರಾಶ್ರಿತರ ತಂಗುದಾಣದಲ್ಲಿ ಹಾಸಿಗೆ ಸಿಕ್ಕ ಮೇಲೆಯೇ ಅಲ್ಲಿ ಕೆಲಸ ಶುರುವಾಗಲಿ. ಮತ್ತು ಇಡೀ ನೆಲವನ್ನು ಪಾರ್ಕಿಂಗ್ ಟೆಂಡರಿಗೆ ಒಪ್ಪಿಸಬೇಡಿ. ಗಾಡಿಗಳಿಗೆ ಮೇಲಿನದನ್ನು ಕೊಟ್ಟಾಗಿದೆ.

2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದಿವೆ. ಕಡತಗಳು ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗುವ ಇಂಥ ಕಾಲದಲ್ಲಿ ಯಜಮಾನನಿಲ್ಲದ ಜಾಗ ಇನ್ನಷ್ಟು ಅನಾಥವಾಗುವ ಭಯವಿದೆ, ಹೊಸದಾಗಿ ಶುರುಮಾಡುವ ಅವಕಾಶವೂ ಇದೆ. ಆದ್ದರಿಂದ ನಿಮ್ಮಲ್ಲಿ ವಿನಂತಿ: ಪ್ರತಿ ಫ್ಲೈಓವರ್‌ನ ಕೆಳಭಾಗಕ್ಕೆ ಒಬ್ಬ ಹೊಣೆಗಾರ ಅಧಿಕಾರಿಯನ್ನು ಗೊತ್ತುಮಾಡಿ, ಅವರ ಹುದ್ದೆ ಮತ್ತು ಕಚೇರಿಯ ಫೋನ್ ಸಂಖ್ಯೆಯನ್ನು ಕಂಬದ ಮೇಲೆ ದೊಡ್ಡದಾಗಿ ಕನ್ನಡದಲ್ಲಿ ಬರೆಸಿ, ಕಂಬಕ್ಕೂ ನಂಬರು ಹಾಕಿಸಿ. (ಹೈದರಾಬಾದಿನ ಅತ್ತಾಪುರದಲ್ಲಿ ಅಂಗಡಿಗಳ ವಿಳಾಸವೇ ಪಿಲ್ಲರ್ ನಂಬರು, ದೂರು ಕೊಡುವವರಿಗೂ ಅದು ಸುಲಭ.) ಗುಜರಿ ಗಾಡಿಗಳನ್ನು, ಪೈಪು, ಡೆಬ್ರಿಸ್ ರಾಶಿಯನ್ನು ಬೇಸಿಗೆಗೆ ಮೊದಲೇ ತೆಗೆಸಿ. ಹೊಸ ಫ್ಲೈಓವರ್‌ಗಳ ವಿಸ್ತೃತ ಯೋಜನಾ ವರದಿಯಲ್ಲೇ (ಡಿಪಿಆರ್) ಕೆಳಗಿನ ನೆಲದ ನಕ್ಷೆ, ಅದರ ಎಸ್ಟಿಮೇಟು, ಐದು ವರ್ಷದ ನಿರ್ವಹಣೆಯ ಹಣ ಇರಲಿ. 2017ರಲ್ಲಿ ಶುರುವಾದ ಈಜಿಪುರದ ಫ್ಲೈಓವರ್ ವರ್ಷಗಟ್ಟಲೆ ಬರೀ ಕಂಬಗಳಾಗಿ ನಿಂತಿತ್ತು. ಅಷ್ಟು ಕಾಲ ಸಹಿಸಿದ ಅಲ್ಲಿನ ಜನಕ್ಕೆ ಕೆಳಗಿನ ಬೀದಿಯನ್ನಾದರೂ ಚೆನ್ನಾಗಿ ಮಾಡಿಕೊಡುವ ಋಣ ನಮ್ಮೆಲ್ಲರ ಮೇಲಿದೆ.

ಎಲ್ಲ ಕಡೆ ಒಟ್ಟಿಗೆ ಆಗಲಿ ಎಂದು ಕಾಯುವುದೂ ಬೇಡ. ಮೈಸೂರು ರಸ್ತೆ ಫ್ಲೈಓವರ್ ಕೆಳಗೆ, ಆಸ್ಪತ್ರೆಗಳಿಗೆ ಹತ್ತಿರದ ಕೆಲವೇ ಕಂಬಗಳ ನಡುವಿನ ಜಾಗವನ್ನು ಈ ವರ್ಷ ಆರಿಸಿಕೊಳ್ಳಿ. ಎತ್ತರಿಸಿದ ದಾಟುದಾರಿ, ಆಯಾ ಇರುವ ಮಹಿಳಾ ಶೌಚಾಲಯ, ಕುಡಿಯುವ ನೀರು, ಬೆಂಚು, ದೀಪ, ಹೂವಿನವರಿಗೆ ಗುರುತು ಮಾಡಿದ ಜಾಗ. ಇಷ್ಟೇ ಸಾಕು. ಒಂದು ಮಳೆಗಾಲ ನೋಡಿ, ತಪ್ಪು ಕಂಡಲ್ಲಿ ತಿದ್ದಿ, ನಂತರ ಮುಂದಿನ ಕಂಬಗಳಿಗೆ ಹೋಗಿ. ನೀವು ದಿನ ಗೊತ್ತುಮಾಡಿ ತಿಳಿಸಿದರೆ ನಮ್ಮ ಬೀದಿಯ ಹಿರಿಯರು, ಕಾಲೇಜು ಮಕ್ಕಳು ಅಳತೆ ಟೇಪು ಹಿಡಿದು ನಿಮ್ಮ ಜೊತೆ ಬರಲು ಸಿದ್ಧರಿದ್ದಾರೆ. ಮಾರ್ಕೆಟ್ ಬದಿಯಿಂದ ಶುರುಮಾಡೋಣ, ಬೆಳಿಗ್ಗೆ ಆರಕ್ಕೆ. ಹೂವಿನ ವ್ಯಾಪಾರ ನಡೆಯುವ ಹೊತ್ತು ಅದು, ಮಾತನಾಡಬೇಕಾದವರೆಲ್ಲ ಅಲ್ಲೇ ಸಿಗುತ್ತಾರೆ.

ನಿಮ್ಮ ಉತ್ತರದ ನಿರೀಕ್ಷೆಯಲ್ಲಿ,


ತಮ್ಮ ವಿಶ್ವಾಸಿ,
ಚಾಮರಾಜಪೇಟೆಯ ಒಬ್ಬ ನಿವಾಸಿ
ಬೆಂಗಳೂರು